ಮೈಸೂರು ಸೀಮೆಯಲ್ಲಿ ಜಮೀನು, ಜಾನುವಾರು ಮತ್ತು ಮನೆಗಳ ಕ್ರಯವಿಕ್ರಯ

ಮೈಸೂರು ಸೀಮೆಯ ಗ್ರಾಮಗಳಲ್ಲಿ ಕೃಷಿ ಜಮೀನು, ಜಾನುವಾರು ಮತ್ತು ವಾಸದ ಮನೆಗಳು ಒಂದೇ ಕುಟುಂಬದ ಆಸ್ತಿಯಾಗಿದ್ದರೂ ಅವುಗಳ ಕ್ರಯವಿಕ್ರಯ ಮೂರು ಬೇರೆ ಬೇರೆ ಕ್ರಮಗಳಲ್ಲಿ ನಡೆಯುತ್ತದೆ. ಜಾನುವಾರುಗಳ ಮಾರಾಟವು ಮಾತು ಮತ್ತು ಹಸ್ತಾಂತರದಿಂದ ಪೂರ್ಣಗೊಳ್ಳುತ್ತದೆ. ಜಮೀನಿನ ಮಾರಾಟಕ್ಕೆ ನೋಂದಾಯಿತ ಕ್ರಯಪತ್ರ ಮತ್ತು ಕಂದಾಯ ಇಲಾಖೆಯ ದಾಖಲೆಗಳು ಬೇಕು. ಗ್ರಾಮದ ಮನೆ, ನಿವೇಶನಗಳಿಗೆ ಕ್ರಯಪತ್ರದ ಜೊತೆಗೆ ಸ್ಥಳೀಯ ಸಂಸ್ಥೆಯ ಖಾತೆ ಅಗತ್ಯ. ಮೈಸೂರು ನಗರದ ವಾಯವ್ಯ ಅಂಚಿನ ಹಿನಕಲ್‌ನಂತಹ ಊರುಗಳಲ್ಲಿ ಜಮೀನುಗಳು ನಿವೇಶನಗಳಾಗಿ ಮಾರ್ಪಟ್ಟಿರುವುದರಿಂದ, ಯಾವ ಸ್ವತ್ತಿಗೆ ಯಾವ ದಾಖಲೆ ಅನ್ವಯಿಸುತ್ತದೆ ಎಂಬುದು ಕೊಳ್ಳುವವರಿಗೂ ಮಾರುವವರಿಗೂ ಮುಖ್ಯ ಪ್ರಶ್ನೆಯಾಗಿದೆ.

ಹಿನ್ನೆಲೆ

ಹಳೆಯ ಮೈಸೂರು ಸಂಸ್ಥಾನದಲ್ಲಿ ಗ್ರಾಮದ ಜಮೀನಿನ ಲೆಕ್ಕವನ್ನು ಶಾನುಭೋಗರು ಬರೆಯುತ್ತಿದ್ದರು. ಕಂದಾಯ ವಸೂಲಿ ಪಟೇಲರ ಹೊಣೆಯಾಗಿತ್ತು. ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಅಧಿನಿಯಮದಿಂದ ವಂಶಪಾರಂಪರ್ಯವಾದ ಈ ಹುದ್ದೆಗಳು ಕೊನೆಗೊಂಡು, ಸರ್ಕಾರಿ ನೌಕರರಾದ ಗ್ರಾಮ ಲೆಕ್ಕಿಗರು ಆ ಕೆಲಸವನ್ನು ವಹಿಸಿಕೊಂಡರು. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964 ಇಂದಿನ ದಾಖಲೆ ಪದ್ಧತಿಗೆ ಆಧಾರವಾಗಿದೆ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ಪಹಣಿಗಳನ್ನು ಗಣಕೀಕರಿಸಲಾಯಿತು. ಅನಂತರ ‘ಕಾವೇರಿ’ ತಂತ್ರಾಂಶದಿಂದ ನೋಂದಣಿ ಪ್ರಕ್ರಿಯೆಯೂ ಗಣಕೀಕೃತವಾಯಿತು.

ಕೃಷಿ ಜಮೀನು

ಜಮೀನನ್ನು ಎಕರೆ ಮತ್ತು ಗುಂಟೆಗಳಲ್ಲಿ ಅಳೆಯಲಾಗುತ್ತದೆ. ಒಂದು ಎಕರೆಗೆ 40 ಗುಂಟೆ. ಒಂದು ಗುಂಟೆಗೆ 1,089 ಚದರ ಅಡಿ. ಸಾಗುವಳಿಗೆ ಬಾರದ ಭಾಗವನ್ನು ‘ಖರಾಬು’ ಎಂದು ಪ್ರತ್ಯೇಕವಾಗಿ ನಮೂದಿಸುತ್ತಾರೆ. ನಾಲ್ಕು ದಿಕ್ಕುಗಳ ಗಡಿಯನ್ನು ‘ಚಕ್ಕುಬಂದಿ’ ಎಂದು ಕರೆಯುತ್ತಾರೆ. ಬೆಲೆ ಕುದುರಿದ ಮೇಲೆ ಕೊಡುವ ಮುಂಗಡ ಹಣಕ್ಕೆ ‘ಸಂಚಕಾರ’ ಎಂಬ ಹಳೆಯ ಹೆಸರಿದೆ. ಮುಂಗಡ ಪಡೆದು ಕರಾರುಪತ್ರ ಬರೆದುಕೊಟ್ಟ ಮಾತ್ರಕ್ಕೆ ಮಾಲೀಕತ್ವ ವರ್ಗವಾಗುವುದಿಲ್ಲ. ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 54ನೇ ಕಲಂ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದಿಂದಲೇ ಆಗಬೇಕು. ಸಾಮಾನ್ಯ ಅಧಿಕಾರಪತ್ರದ (ಜಿಪಿಎ) ಮೂಲಕ ನಡೆಯುವ ‘ಮಾರಾಟ’ಗಳಿಂದ ಮಾಲೀಕತ್ವ ದೊರೆಯುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಸ್ಪಷ್ಟಪಡಿಸಿದೆ.

ಖರೀದಿಗೆ ಮೊದಲು ಸಾಮಾನ್ಯವಾಗಿ ಪರಿಶೀಲಿಸುವ ದಾಖಲೆಗಳು ಇವು:

• ಪಹಣಿ (ಆರ್‌ಟಿಸಿ): 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಸ್ವತ್ತು ಬಂದ ಬಗೆ, 11ರಲ್ಲಿ ಸಾಲ ಮತ್ತಿತರ ಋಣಗಳು, 12ರಲ್ಲಿ ಸಾಗುವಳಿದಾರರ ವಿವರ ಇರುತ್ತದೆ.
• ಮ್ಯುಟೇಷನ್: ಕ್ರಯ, ಪೌತಿ (ಮರಣಾನಂತರದ ವಾರಸಿಕೆ) ಅಥವಾ ವಿಭಾಗದಿಂದ ಹಕ್ಕು ಬದಲಾದುದರ ದಾಖಲೆ.
• ಋಣಭಾರ ಪ್ರಮಾಣಪತ್ರ (ಇ.ಸಿ.): ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾದ ಹಿಂದಿನ ವ್ಯವಹಾರಗಳ ಪಟ್ಟಿ.
• 11ಇ ನಕ್ಷೆ: ಒಂದು ಸರ್ವೆ ನಂಬರಿನ ಒಂದು ಭಾಗವನ್ನು ಮಾತ್ರ ಮಾರುವಾಗ ಬೇಕಾಗುವ ಅಳತೆಯ ನಕ್ಷೆ.
• ವಂಶವೃಕ್ಷ: ಪಿತ್ರಾರ್ಜಿತ ಸ್ವತ್ತಿನಲ್ಲಿ ಯಾರಿಗೆ ಹಕ್ಕಿದೆ ಎಂಬುದನ್ನು ತಿಳಿಯಲು ನೆರವಾಗುವ ಪತ್ರ.

ಪಹಣಿಯ ನಮೂದು ಅದಕ್ಕೆ ವಿರುದ್ಧವಾದುದು ಸಾಬೀತಾಗುವವರೆಗೆ ಮಾತ್ರ ಸತ್ಯವೆಂದು ಭಾವಿಸಲ್ಪಡುತ್ತದೆ. ಅದು ಮಾಲೀಕತ್ವದ ಅಂತಿಮ ಪುರಾವೆಯಲ್ಲ. ಪಿತ್ರಾರ್ಜಿತ ಜಮೀನಿನ ಮಾರಾಟದಲ್ಲಿ ಹೆಣ್ಣುಮಕ್ಕಳ ಸಹಿ ಇಲ್ಲದಿರುವುದು ದಾವೆಗಳಿಗೆ ಒಂದು ಮುಖ್ಯ ಕಾರಣ. ಹಿಂದೂ ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು 2005ರ ಕೇಂದ್ರ ತಿದ್ದುಪಡಿ ನೀಡಿತು. ಅದಕ್ಕೂ ಮೊದಲೇ, 1994ರಲ್ಲಿ, ಕರ್ನಾಟಕದ ತಿದ್ದುಪಡಿಯೊಂದು ಅವಿವಾಹಿತ ಹೆಣ್ಣುಮಕ್ಕಳಿಗೆ ಅಂಥ ಹಕ್ಕನ್ನು ಕೊಟ್ಟಿತ್ತು.

ಕಾನೂನಿನ ನಿರ್ಬಂಧಗಳು

ಡಿ. ದೇವರಾಜ ಅರಸು ಅವರ ಸರ್ಕಾರ ತಂದ ಭೂ ಸುಧಾರಣಾ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಭೂ ನ್ಯಾಯಮಂಡಳಿಗಳು ಅವುಗಳ ಅಧಿಭೋಗದ ಹಕ್ಕನ್ನು ಗೇಣಿದಾರರಿಗೆ ನೀಡಿದವು. ಹೀಗೆ ಬಂದ ಜಮೀನನ್ನು 15 ವರ್ಷ ಮಾರುವಂತಿರಲಿಲ್ಲ.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನುಗಳ ಪರಭಾರೆಯನ್ನು 1978ರ ಅಧಿನಿಯಮ (ಪಿಟಿಸಿಎಲ್) ನಿರ್ಬಂಧಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡ ಜಮೀನನ್ನು ಉಪವಿಭಾಗಾಧಿಕಾರಿ ವಾಪಸು ಪಡೆದು ಮೂಲ ಮಂಜೂರಿದಾರರಿಗೆ ಅಥವಾ ಅವರ ವಾರಸುದಾರರಿಗೆ ಕೊಡಿಸಬಹುದು. ಬಹಳ ತಡವಾಗಿ ಸಲ್ಲಿಸಿದ ಅರ್ಜಿಗಳನ್ನು ನ್ಯಾಯಾಲಯಗಳು ತಳ್ಳಿಹಾಕತೊಡಗಿದ ಮೇಲೆ, ಇಂತಹ ಅರ್ಜಿಗಳಿಗೆ ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿ ಮಾಡಲಾಯಿತು.

ಕೃಷಿಕರಲ್ಲದವರು ಮತ್ತು ನಿಗದಿತ ಮಿತಿಗಿಂತ ಹೆಚ್ಚು ಕೃಷಿಯೇತರ ವರಮಾನ ಉಳ್ಳವರು ಜಮೀನು ಕೊಳ್ಳುವುದನ್ನು ಭೂ ಸುಧಾರಣಾ ಅಧಿನಿಯಮದ 79ಎ ಮತ್ತು 79ಬಿ ಕಲಂಗಳು ತಡೆಯುತ್ತಿದ್ದವು. 2020ರಲ್ಲಿ ಇವುಗಳನ್ನು ಕೈಬಿಡಲಾಯಿತು. ಇದರಿಂದ ರೈತರಿಗೆ ಒಳ್ಳೆಯ ಬೆಲೆ ದೊರೆಯುತ್ತದೆ ಎಂದು ಸರ್ಕಾರ ಹೇಳಿತು. ಸಣ್ಣ ಹಿಡುವಳಿದಾರರು ಭೂಮಿ ಕಳೆದುಕೊಳ್ಳುತ್ತಾರೆ ಎಂದು ರೈತ ಸಂಘಟನೆಗಳು ಪ್ರತಿಭಟಿಸಿದವು.

ಜಾನುವಾರು

ಜಾನುವಾರು ಚರಾಸ್ತಿಯಾದ್ದರಿಂದ ಅದರ ಮಾರಾಟಕ್ಕೆ ನೋಂದಣಿ ಬೇಕಿಲ್ಲ. ವ್ಯಾಪಾರ ಊರಿನಲ್ಲಿ, ವಾರದ ಸಂತೆಯಲ್ಲಿ ಅಥವಾ ದನಗಳ ಜಾತ್ರೆಯಲ್ಲಿ ನಡೆಯುತ್ತದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಸೇರುವ ಚುಂಚನಕಟ್ಟೆಯ ಜಾತ್ರೆ ಮತ್ತು ನಂಜನಗೂಡು ತಾಲ್ಲೂಕಿನ ಸುತ್ತೂರು ಜಾತ್ರೆ ಈ ಭಾಗದಲ್ಲಿ ಹೆಸರಾದವು. ಹಳ್ಳಿಕಾರ್ ತಳಿಯ ಎತ್ತುಗಳನ್ನು ಬಣ್ಣ, ಕೊಂಬು, ಎತ್ತರ ಹೊಂದುವಂತೆ ಜೋಡಿಯಾಗಿ ಮಾರುತ್ತಾರೆ.

ಪ್ರಾಯವನ್ನು ಹಲ್ಲು ನೋಡಿ ತಿಳಿಯುತ್ತಾರೆ. ಹಾಲುಹಲ್ಲು ಬಿದ್ದು ಎರಡು, ನಾಲ್ಕು, ಆರು ಹಲ್ಲುಗಳು ಕ್ರಮವಾಗಿ ಬಂದು, ಎಂಟೂ ಹಲ್ಲು ಬಂದಾಗ ‘ಬಾಯಿಗೂಡಿದೆ’ ಎನ್ನುತ್ತಾರೆ. ಮೈಮೇಲಿನ ಸುಳಿಗಳ ಶುಭಾಶುಭವೂ ಬೆಲೆಯ ಮೇಲೆ ಪರಿಣಾಮ ಬೀರುತ್ತದೆ. ಟವೆಲ್ಲಿನ ಮರೆಯಲ್ಲಿ ಬೆರಳುಗಳನ್ನು ಹಿಡಿದು ಬೆಲೆ ಸೂಚಿಸುವುದು ದಳ್ಳಾಳಿಗಳ ಹಳೆಯ ರೂಢಿ; ಇದರಿಂದ ಸುತ್ತ ನಿಂತವರಿಗೆ ಬೆಲೆ ತಿಳಿಯುವುದಿಲ್ಲ.

2021ರ ಜನವರಿಯಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯು ದನಗಳ ಹತ್ಯೆಯನ್ನು ನಿಷೇಧಿಸಿತು. 13 ವರ್ಷ ಮೀರಿದ ಎಮ್ಮೆ, ಕೋಣಗಳಿಗೆ ಮಾತ್ರ ವಿನಾಯಿತಿ ಇದೆ. ಇದರಿಂದ ಮುದಿ ಎತ್ತುಗಳು ಮತ್ತು ಗಂಡು ಕರುಗಳಿಗೆ ಕೊಳ್ಳುವವರು ಸಿಗದೆ, ಅವುಗಳ ಪಾಲನೆಯ ವೆಚ್ಚ ಸಾಕುವವರ ಮೇಲೆ ಬೀಳುತ್ತದೆ ಎಂಬುದು ಕಾಯ್ದೆಯ ವಿರುದ್ಧದ ಮುಖ್ಯ ಆಕ್ಷೇಪ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದ ಹಲವೆಡೆ ದನಗಳ ಸಂತೆ, ಜಾತ್ರೆಗಳನ್ನು ನಿಷೇಧಿಸಲಾಗಿತ್ತು.

ಮನೆ ಮತ್ತು ನಿವೇಶನ

ಗ್ರಾಮದ ಮೂಲ ವಸತಿ ಪ್ರದೇಶಕ್ಕೆ ‘ಗ್ರಾಮಠಾಣಾ’ ಎಂದು ಹೆಸರು. ಇಲ್ಲಿನ ಮನೆಗಳಿಗೆ ಪಹಣಿ ಇರುವುದಿಲ್ಲ. ಅವುಗಳ ವಿವರ ಗ್ರಾಮ ಪಂಚಾಯಿತಿಯ ‘ಇ-ಸ್ವತ್ತು’ ತಂತ್ರಾಂಶದ ನಮೂನೆ 9 ಮತ್ತು 11ರಲ್ಲಿ ದಾಖಲಾಗುತ್ತದೆ. ಜಮೀನಿನಲ್ಲಿ ನಿವೇಶನ ಮಾಡಬೇಕಾದರೆ ಭೂ ಕಂದಾಯ ಅಧಿನಿಯಮದ 95ನೇ ಕಲಂ ಅಡಿಯಲ್ಲಿ ಭೂ ಪರಿವರ್ತನೆಯ ಆದೇಶ ಮತ್ತು ಯೋಜನಾ ಪ್ರಾಧಿಕಾರದಿಂದ ಬಡಾವಣೆ ನಕ್ಷೆಗೆ ಅನುಮೋದನೆ ಪಡೆಯಬೇಕು.

ಇವುಗಳಿಲ್ಲದೆ ಜಮೀನನ್ನು ತುಂಡು ಮಾಡಿ ಮಾರಿದವು ‘ಕಂದಾಯ ನಿವೇಶನ’ಗಳು. ಕಡಿಮೆ ಬೆಲೆಗೆ ಸಿಗುವುದರಿಂದ ಸಣ್ಣ ಆದಾಯದವರು ಇವುಗಳನ್ನು ಕೊಳ್ಳುತ್ತಾರೆ. ಆದರೆ ಬ್ಯಾಂಕ್ ಸಾಲ, ಮನೆ ಕಟ್ಟಲು ಪರವಾನಗಿ ಮತ್ತು ಮರುಮಾರಾಟದಲ್ಲಿ ತೊಡಕು ಎದುರಾಗುತ್ತದೆ. ಖಾತೆಯು ತೆರಿಗೆ ವಸೂಲಿಗಾಗಿ ಇರುವ ದಾಖಲೆ. ತೆರಿಗೆ ಕಟ್ಟಿದ ರಸೀದಿ ಇದ್ದ ಮಾತ್ರಕ್ಕೆ ನಿವೇಶನ ಸಕ್ರಮವಾಗುವುದಿಲ್ಲ.

ಹಿನಕಲ್

ಹಿನಕಲ್ ಹುಣಸೂರು ರಸ್ತೆಯು ಮೈಸೂರಿನ ಹೊರವರ್ತುಲ ರಸ್ತೆಯನ್ನು ಸಂಧಿಸುವಲ್ಲಿದೆ. ಹೆಬ್ಬಾಳ ಮತ್ತು ಹೂಟಗಳ್ಳಿಯ ಕೈಗಾರಿಕಾ ಪ್ರದೇಶಗಳು ಸಮೀಪದಲ್ಲಿವೆ. ವಿಜಯನಗರ ಬಡಾವಣೆ ಊರಿಗೆ ಹೊಂದಿಕೊಂಡು ಬೆಳೆದಿದೆ. ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರವು 1987ರ ಅಧಿನಿಯಮದ ಅಡಿಯಲ್ಲಿ ರಚನೆಯಾಗುವ ಮೊದಲು ಬಡಾವಣೆಗಳ ನಿರ್ಮಾಣ ನಗರ ಸುಧಾರಣಾ ಮಂಡಳಿಯ ಹೊಣೆಯಾಗಿತ್ತು. ಬಡಾವಣೆಗಾಗಿ ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಹೊರಟ ಮೇಲೆ ಜಮೀನು ಕೊಂಡವರು ಸ್ವಾಧೀನವನ್ನು ಪ್ರಶ್ನಿಸುವಂತಿಲ್ಲ. ಅವರಿಗೆ ಉಳಿಯುವುದು ಪರಿಹಾರ ಕೇಳುವ ಹಕ್ಕು ಮಾತ್ರ. ಆದ್ದರಿಂದ ನಗರದಂಚಿನ ಗ್ರಾಮಗಳಲ್ಲಿ ಪಹಣಿಯ ಜೊತೆಗೆ ಪ್ರಾಧಿಕಾರದ ಅಧಿಸೂಚನೆಗಳನ್ನೂ ನೋಡಬೇಕಾಗುತ್ತದೆ.

ಗ್ರಾಮ ಪಂಚಾಯಿತಿಯಾಗಿದ್ದ ಹಿನಕಲ್ 2020ರ ದಶಕದ ಆರಂಭದಲ್ಲಿ ಹೊಸದಾಗಿ ರಚನೆಯಾದ ಹೂಟಗಳ್ಳಿ ನಗರಸಭೆಗೆ ಸೇರಿತು. ಇಂತಹ ಬದಲಾವಣೆಯಾದಾಗ ಮನೆಗಳ ಖಾತೆ ಪಂಚಾಯಿತಿಯ ‘ಇ-ಸ್ವತ್ತು’ವಿನಿಂದ ನಗರ ಸ್ಥಳೀಯ ಸಂಸ್ಥೆಯ ‘ಇ-ಆಸ್ತಿ’ ವ್ಯವಸ್ಥೆಗೆ ಹೋಗುತ್ತದೆ. ಹಿಂದಿನ ಕ್ರಯಪತ್ರ, ಪರಿವರ್ತನಾ ಆದೇಶ ಮತ್ತು ಪಂಚಾಯಿತಿಯ ನಮೂನೆಗಳನ್ನು ಜೋಪಾನ ಮಾಡಿಟ್ಟುಕೊಳ್ಳದ ಕುಟುಂಬಗಳಿಗೆ, ತಲೆಮಾರುಗಳಿಂದ ವಾಸವಿರುವ ಮನೆಯನ್ನು ಮಾರುವಾಗಲೂ ಹಕ್ಕನ್ನು ಮತ್ತೆ ರುಜುವಾತುಪಡಿಸಬೇಕಾದ ಸಂದರ್ಭ ಬರಬಹುದು.