ಹಿಟ್ಟಿನ ಮಿಲ್ಲಿನವರೂ ಗ್ರಾಹಕರೇ?

ನಮ್ಮ ಕೊತ್ತಗೆರೆ ಹೋಬಳಿಯ ಕಣಗಳಲ್ಲಿ ಈಗ ಗುಂಡು ಎಳೆಯುವ ಎತ್ತು ಕಡಿಮೆ, ಒಕ್ಕಣೆ ಮಿಷನ್ನಿನ ಸದ್ದೇ ಹೆಚ್ಚು. ಮಿಷನ್ನೇ ಸರಿಯಿಲ್ಲದೆ ಕೈಗೆ ಪೆಟ್ಟಾದರೆ ಯಾರನ್ನು ಕೇಳುವುದು?

ಒಕ್ಕಣೆ ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡವರು ಹೆಚ್ಚಾದ ಮೇಲೆ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ತಂದಿತು. ತಯಾರಿಸುವವರಿಗೂ ಮಾರುವವರಿಗೂ ಲೈಸೆನ್ಸ್ ಬೇಕು ಎಂದಿತು.

1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ಅದರಲ್ಲೊಂದು ತೊಡಕು: ವ್ಯಾಪಾರಕ್ಕೆಂದು ಕೊಂಡವನು ಗ್ರಾಹಕನಲ್ಲ. ಹಾಗಾದರೆ ಹೊಟ್ಟೆಪಾಡಿಗೆ ಹಿಟ್ಟಿನ ಮಿಲ್ ಹಾಕಿಕೊಂಡವರ ಗತಿ? 1993ರ ತಿದ್ದುಪಡಿ ಇದನ್ನು ಬಿಡಿಸಿತು. ಸ್ವಂತ ದುಡಿಮೆಯಿಂದ ಬದುಕಲು ಕೊಂಡವರೂ ಗ್ರಾಹಕರೇ.

1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್‌ನವರ ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿತು. ಕೊಯಮತ್ತೂರಿನ ಪಿಎಸ್‌ಜಿ ಸಂಸ್ಥೆಯಿಂದ ಕೊಂಡ ಯಂತ್ರ ತಡವಾಗಿ ಬಂತು, ದೋಷವೂ ಇದೆ ಎಂಬುದು ಅವರ ದೂರು. ಅವರದು ವಾಣಿಜ್ಯ ಉದ್ದೇಶ ಎಂದ ಕೋರ್ಟ್ ದೂರನ್ನು ಒಪ್ಪಲಿಲ್ಲ. ಸೋತವರ ಪ್ರಕರಣವಾದರೂ ನಮ್ಮಂಥವರಿಗೆ ಅದರಲ್ಲೇ ಲಾಭವಾಯಿತು ನೋಡಿ: ತಾನೇ ಆಟೋ ಓಡಿಸುವವನು, ತಾನೇ ಲೇತ್ ಮಿಷನ್ ನಡೆಸುವವನು ಗ್ರಾಹಕ, ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡರೂ ಗ್ರಾಹಕನೇ ಎಂದಿತು ತೀರ್ಪು.

2019ರ ಹೊಸ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂತು. ದೋಷದ ಯಂತ್ರದಿಂದ ಮೈಗೆ ಗಾಯವಾದರೆ ತಯಾರಕರೇ ಪರಿಹಾರ ಕೊಡಬೇಕೆಂದು ಕೇಳಬಹುದು. ಮಿಷನ್ ಎಲ್ಲಿ ಕೊಂಡಿದ್ದರೂ ಕೊತ್ತಗೆರೆಯವರು ತುಮಕೂರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಬಿಲ್ಲು, ವಾರಂಟಿ ಕಾರ್ಡು, ಮುರಿದ ಭಾಗದ ಫೋಟೋ ಜೋಪಾನ. 1915ಕ್ಕೆ ಫೋನ್ ಮಾಡಿದರೆ ಸಲಹೆ ಸಿಗುತ್ತದೆ.