ಹೃದ್ರೋಗಿಗೆ ಹೇಳುವ ಮಾತು: ಬೆಥೆಸ್ಡಾದ ಅರ್ಧ ಶತಮಾನ

1944ರ ಮಾರ್ಚ್ ಕೊನೆಯ ವಾರ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ಬೆಥೆಸ್ಡಾದ ನೌಕಾಪಡೆ ಆಸ್ಪತ್ರೆಯಲ್ಲಿ ಹೃದ್ರೋಗ ತಜ್ಞ ಹೊವಾರ್ಡ್ ಬ್ರೂಯೆನ್ ಪರೀಕ್ಷಿಸಿದರು. ರಕ್ತದೊತ್ತಡ 186/108 ಇತ್ತು. ಹೃದಯ ಹಿಗ್ಗಿತ್ತು, ಅದರ ಶಕ್ತಿ ಕುಂದಿತ್ತು. ಡಿಜಿಟಾಲಿಸ್ ಕೊಟ್ಟರು, ಉಪ್ಪು ಕಡಿಮೆ ಮಾಡಿಸಿದರು. ಕಾಯಿಲೆ ಏನೆಂಬುದನ್ನು ಮಾತ್ರ ರೋಗಿಗೆ ತಿಳಿಸಲಿಲ್ಲ. ರೂಸ್‌ವೆಲ್ಟ್ ಕೂಡ ಕೇಳಲಿಲ್ಲವೆಂದು ಬ್ರೂಯೆನ್ 1970ರಲ್ಲಿ ಬರೆದರು. ದೇಶದ ಜನರಿಗಂತೂ ಏನೂ ಗೊತ್ತಾಗಲಿಲ್ಲ. ಮರುವರ್ಷ ಏಪ್ರಿಲ್ 12ರಂದು ಅಧ್ಯಕ್ಷರು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು.

ಹನ್ನೊಂದು ವರ್ಷಗಳಲ್ಲಿ ಮುಚ್ಚಿಡುವ ಈ ರೂಢಿ ತಲೆಕೆಳಗಾಯಿತು. 1955ರ ಸೆಪ್ಟೆಂಬರ್ 24ರಂದು ಡೆನ್ವರ್‌ನಲ್ಲಿ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಬಾಸ್ಟನ್ನಿನ ವೈದ್ಯ ಪಾಲ್ ಡಡ್ಲಿ ವೈಟ್ ಪತ್ರಕರ್ತರ ಮುಂದೆ ಕೂತು, ಹೃದಯದ ರಕ್ತನಾಳ ಹೇಗೆ ಕಟ್ಟಿಕೊಳ್ಳುತ್ತದೆ, ಗಾಯ ಹೇಗೆ ಮಾಯುತ್ತದೆ ಎಂದು ಬಿಡಿಸಿ ಹೇಳಿದರು. ಅಧ್ಯಕ್ಷರಿಗೆ ಮಲವಿಸರ್ಜನೆ ಸರಾಗವಾಗಿದೆ ಎಂಬುದನ್ನೂ ಮುಚ್ಚಿಡಲಿಲ್ಲ. ಹೃದ್ರೋಗಿಗಳ ಶಿಕ್ಷಣದ ಚರಿತ್ರೆಯಲ್ಲಿ ಆಮೇಲೆ ಬಂದ ಕಂಪ್ಯೂಟರಿಗಿಂತ ಈ ಪತ್ರಿಕಾಗೋಷ್ಠಿಯೇ ದೊಡ್ಡ ತಿರುವು ಎಂಬುದು ನನ್ನ ಅಭಿಪ್ರಾಯ. ಹೃದಯಾಘಾತವಾದವರೂ ಚೇತರಿಸಿಕೊಂಡು ಕೆಲಸಕ್ಕೆ ಮರಳಬಹುದೆಂದು ಸಾಮಾನ್ಯ ಓದುಗ ತಿಳಿದದ್ದು ಆಗ.

ಮುಂದಿನ ದಶಕಗಳು ಕರಪತ್ರಗಳವು. 1997ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ತನ್ನ ಸಂಶೋಧನಾ ಸೂಚಿಯನ್ನು ಪಬ್‌ಮೆಡ್ ಎಂಬ ಜಾಲತಾಣದ ಮೂಲಕ ಎಲ್ಲರಿಗೂ ಉಚಿತವಾಗಿ ತೆರೆಯಿತು. ವೈದ್ಯರಿಗೆಂದು ಮಾಡಿದ್ದನ್ನು ರೋಗಿಗಳೂ ಮನೆಯವರೂ ಜಾಲಾಡತೊಡಗಿದರು. ಅವರಿಗೆಂದೇ 1998ರ ಅಕ್ಟೋಬರಿನಲ್ಲಿ ಅದೇ ಗ್ರಂಥಾಲಯದ ಮೆಡ್‌ಲೈನ್‌ಪ್ಲಸ್ ಜಾಲತಾಣ ಬಂತು. ಮೊದಲಿಗೆ 22 ವಿಷಯಗಳು. ಆ ಗ್ರಂಥಾಲಯ ಇರುವುದೂ ಬೆಥೆಸ್ಡಾದಲ್ಲೇ, ರೂಸ್‌ವೆಲ್ಟ್‌ಗೆ ಏನನ್ನೂ ಹೇಳದ ಆಸ್ಪತ್ರೆಯಿಂದ ರಸ್ತೆಯ ಆಚೆ ಬದಿಗೆ.

ಮಾಹಿತಿ ಹೆಚ್ಚಿದಂತೆ ಅದನ್ನು ಜರಡಿ ಹಿಡಿಯುವ ಕೆಲಸವೂ ಶುರುವಾಯಿತು. ಬರೆದವರು ಯಾರು, ಆಧಾರವೇನು, ಹಣ ಯಾರದು, ಯಾವಾಗ ಪರಿಷ್ಕರಿಸಿದ್ದು ಎಂಬ ನಾಲ್ಕು ಒರೆಗಲ್ಲುಗಳನ್ನು 1997ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆ ಮುಂದಿಟ್ಟಿತು. 1999ರಲ್ಲಿ ಬ್ರಿಟನ್ನಿನಿಂದ ಡಿಸ್ಕರ್ನ್ ಎಂಬ 16 ಪ್ರಶ್ನೆಗಳ ಪಟ್ಟಿ ಬಂತು. ಇವೆಲ್ಲ ಬರಹದ ವಿಶ್ವಾಸಾರ್ಹತೆಯನ್ನು ಅಳೆದವು. ಓದಿದವನಿಗೆ ಅರ್ಥವಾಯಿತೇ ಎಂಬುದು ಬೇರೆಯೇ ಪ್ರಶ್ನೆ. ಆರನೇ ತರಗತಿಯ ಮಟ್ಟಕ್ಕೆ ಬರೆಯಿರಿ ಎಂಬ ಸಲಹೆಯನ್ನು ಹೃದ್ರೋಗದ ಬಹುಪಾಲು ಪುಟಗಳು ಇಂದಿಗೂ ಪಾಲಿಸಿಲ್ಲ.

ಕನ್ನಡದಲ್ಲಿ ಇಂಥ ಪುಟ ಬರೆಯುವವರು ಇಂಗ್ಲಿಷಿನ ಪುಟ ಇಟ್ಟುಕೊಂಡು ಹೊರಡಬಾರದು. ನಮ್ಮಲ್ಲಿ ಎದೆ ಹಿಡಿದುಕೊಂಡಾಗ ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ನುಂಗಿ, ಸೋಡಾ ಕುಡಿದು, ಬೆಳಗಾಗಲಿ ಎಂದು ಕಾಯುವವರಿದ್ದಾರೆ. ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಆರಾಮಾಯಿತೆಂದು ಮಾತ್ರೆ ಬಿಡುವವರೂ ಇದ್ದಾರೆ. ಮೊದಲ ಪುಟ ಇವರಿಗೆ ಮೀಸಲಾಗಲಿ: ಎದೆಯುರಿಯ ಜೊತೆ ತಣ್ಣನೆ ಬೆವರೋ, ಎಡಗೈಗೆ ಇಲ್ಲವೆ ದವಡೆಗೆ ಹಬ್ಬುವ ನೋವೋ ಇದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ, ವೈದ್ಯರನ್ನು ಕೇಳದೆ ಸ್ಟೆಂಟಿನ ಮಾತ್ರೆ ಒಂದು ದಿನವೂ ನಿಲ್ಲಿಸಬೇಡಿ. ಓದಲು ಬಾರದವರಿಗಾಗಿ ಇಷ್ಟನ್ನೂ ಧ್ವನಿಯಲ್ಲಿ, ಮಂಡ್ಯದವರಿಗೂ ಕಲಬುರಗಿಯವರಿಗೂ ಅವರವರ ಮಾತಿನಲ್ಲೇ ಕೇಳಿಸಬೇಕು.