ಸ್ವೀಡನ್ನಿನ ಜೇಡಿನೆಲ ಮತ್ತು ಟ್ರ್ಯಾಕ್ಟರ್ ಟೈರು

ಸ್ವೀಡನ್ನಿನ ಮೊದಲ ಟ್ರ್ಯಾಕ್ಟರನ್ನು ಎಸ್ಕಿಲ್‌ಸ್ಟುನಾ ಪಟ್ಟಣದ ಮುಂಕ್‌ಟೆಲ್ ಕಾರ್ಖಾನೆ 1913ರಲ್ಲಿ ಹೊರತಂದಿತು. ಸುಮಾರು 8 ಟನ್ ತೂಕದ ಆ ಯಂತ್ರ ಉಕ್ಕಿನ ಗಾಲಿಗಳ ಮೇಲೆ ಓಡುತ್ತಿತ್ತು. ಉಕ್ಕಿನ ಹಲ್ಲು ಹೊಲದಲ್ಲಿ ಹಿಡಿತ ಕೊಡುತ್ತಿತ್ತಾದರೂ ರಸ್ತೆಯನ್ನು ಹಾಳುಮಾಡುತ್ತಿತ್ತು. ಗಾಳಿ ತುಂಬಿದ ಟೈರು ಟ್ರ್ಯಾಕ್ಟರಿಗೆ ಬಂದದ್ದು 1930ರ ದಶಕದಲ್ಲಿ, ಅಮೆರಿಕದ ದಾರಿಯಾಗಿ. ದಕ್ಷಿಣದ ಸ್ಕೋನೆ ಪ್ರಾಂತ್ಯದ ಟ್ರೆಲ್ಲೆಬೋರ್ಗ್‌ನಲ್ಲಿ 1905ರಲ್ಲೇ ರಬ್ಬರ್ ಕಾರ್ಖಾನೆಯೊಂದು ತೆರೆದಿತ್ತು. ಮುಂದೆ ಆ ಊರಿನ ಹೆಸರೇ ಕೃಷಿ ಟೈರುಗಳ ಮೇಲೆ ಅಚ್ಚಾಗಿ ಲೋಕ ಸುತ್ತಿತು.

ಹಿಡಿತದ ಚಿಂತೆ ತೀರಿದ ಮೇಲೆ ನೆಲದ ಚಿಂತೆ ಮುಂದೆ ಬಂತು. ಮೇಲಾರೆನ್ ಸರೋವರದ ಸುತ್ತಲಿನ ಬಯಲು ಒಂದು ಕಾಲಕ್ಕೆ ಸಮುದ್ರದ ತಳ. ಅಲ್ಲಿರುವುದು ಗಟ್ಟಿ ಜೇಡಿಮಣ್ಣು. ವಸಂತದಲ್ಲಿ ಹಿಮ ಕರಗಿದ ಮೇಲೆ ಮೇಲ್ಪದರ ಬೇಗ ಆರುತ್ತದೆ, ಕೆಳಗೆ ಹಸಿ ಉಳಿದಿರುತ್ತದೆ. ಬೆಳೆಯ ಕಾಲ ಚಿಕ್ಕದಾದ್ದರಿಂದ ರೈತ ಪೂರ್ತಿ ಆರುವವರೆಗೆ ಕಾಯಲಾರ. ಆ ಹಸಿಯ ಮೇಲೆ ಗಾಲಿ ಹಾಯ್ದರೆ ಮಣ್ಣಿನ ರಂಧ್ರಗಳು ಮುಚ್ಚಿ, ನೀರೂ ಬೇರೂ ಕೆಳಗಿಳಿಯವು. ಬಿತ್ತನೆಯ ಹದ ಮಾಡುವಾಗ ಪಕ್ಕಕ್ಕೆ ಇನ್ನೊಂದು ಗಾಲಿ ಜೋಡಿಸುವ, ಗಾಳಿಯ ಒತ್ತಡ ಇಳಿಸುವ ರೂಢಿ ಬೆಳೆದದ್ದು ಇದರಿಂದಲೇ.

ಟೈರು ಅಗಲವಾದರೆ ಸಾಕೇ? ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಉಪ್ಸಾಲಾದ ಮಣ್ಣು ವಿಜ್ಞಾನಿ ಇಂಗೆ ಹೋಕನ್‌ಸನ್ ಅವರ ಪಾತ್ರ ದೊಡ್ಡದು. ಯುರೋಪು ಮತ್ತು ಉತ್ತರ ಅಮೆರಿಕದ ಹಲವು ದೇಶಗಳಲ್ಲಿ ಅಚ್ಚೊಂದಕ್ಕೆ 10 ಟನ್ ಭಾರ ಹೇರಿ ನಡೆಸಿದ ಪ್ರಯೋಗಗಳನ್ನು ಅವರು ಒಂದುಗೂಡಿಸಿದರು. ಮೇಲ್ಮಣ್ಣಿನ ಒತ್ತಡವನ್ನು ಟೈರಿನ ಗಾಳಿ ನಿರ್ಧರಿಸಿದರೆ, ಆಳದ ಒತ್ತಡವನ್ನು ನಿರ್ಧರಿಸುವುದು ಮುಖ್ಯವಾಗಿ ಅಚ್ಚಿನ ಭಾರ. ಉಳುವ ಪದರವನ್ನು ನೇಗಿಲು ಮತ್ತೆ ಸಡಿಲಿಸುತ್ತದೆ. 40 ಸೆಂಟಿಮೀಟರಿಗಿಂತ ಕೆಳಗೆ ಅದುಮಿದ ಮಣ್ಣನ್ನು ಸ್ವೀಡನ್ನಿನ ಚಳಿಗಾಲದ ಹೆಪ್ಪುಗಟ್ಟುವಿಕೆಯೂ ಸರಿಪಡಿಸದು. ಅಚ್ಚಿಗೆ 6 ಟನ್ನಿನ ಮಿತಿ ಇರಲಿ ಎಂಬ ಸಲಹೆ ಹುಟ್ಟಿದ್ದು ಈ ತಿಳಿವಿನಿಂದ. ಯಂತ್ರಗಳು ಇಂದು ಆ ಮಿತಿಯನ್ನು ಎಷ್ಟೋ ದಾಟಿವೆ. ಅಗಲ ಟೈರಿನ ನೆಮ್ಮದಿ ಮೇಲ್ಪದರಕ್ಕೆ ಸೀಮಿತವೆಂಬುದನ್ನು ಮರೆತರೆ ಹೊಲ ಬಹುಕಾಲ ನರಳುತ್ತದೆ.

ಕಾಡಿನ ಕಥೆ ಬೇರೆ. ಅಲ್ಲಿ ಉಳುಮೆಯಿಲ್ಲ, ಆದ್ದರಿಂದ ಮೇಲ್ಪದರದ ಗಾಯವೂ ಬೇಗ ಮಾಯುವುದಿಲ್ಲ. ಒಂದು ಕಾಲದಲ್ಲಿ ಮರ ಸಾಗಣೆ ಹೆಚ್ಚಾಗಿ ಹೆಪ್ಪುಗಟ್ಟಿದ ನೆಲದ ಮೇಲೆ ನಡೆಯುತ್ತಿತ್ತು. ಈಗ ಯಂತ್ರಗಳು ವರ್ಷವಿಡೀ ಓಡುತ್ತವೆ. ಮೆತ್ತನೆಯ ಜೌಗಿನಲ್ಲಿ ಅಗಲ ಟೈರಿನ ಜೋಡಿಗಾಲಿಗಳಿಗೆ ಉಕ್ಕಿನ ಪಟ್ಟಿ ಸುತ್ತುತ್ತಾರೆ, ದಾರಿಗೆ ಕೊಂಬೆರೆಂಬೆ ಹಾಸುತ್ತಾರೆ. ಕಲ್ಲುನೆಲಕ್ಕೆ ಚೂಪುಕಲ್ಲು ತಾಳುವ ದಪ್ಪ ಪಕ್ಕೆಯ ಟೈರು, ಮಂಜುಗಡ್ಡೆಗೆ ಸರಪಳಿ.